ಅರಳುವ ಕಾಳು, ಅರಳದ ಕಾಳು

ಪಾಪ್‌ಕಾರ್ನ್ ತಿಂದು ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಕಾಳುಗಳತ್ತ ಯಾರೂ ಕಣ್ಣು ಹಾಯಿಸುವುದಿಲ್ಲ. ಅವು ನೇರವಾಗಿ ಕಸದ ಬುಟ್ಟಿ ಸೇರುತ್ತವೆ. ಮನೆಯಲ್ಲಿ ಒಳ್ಳೆಯ ಪಾಪ್‌ಕಾರ್ನ್ ಮಾಡಬೇಕೆಂದಿರುವವರು ಮೊದಲು ನೋಡಬೇಕಾದದ್ದು ಅವನ್ನೇ. ಕಾಳು ಕಪ್ಪಗೆ ಸೀದಿದ್ದರೆ ಉರಿ ಹೆಚ್ಚಾಗಿದೆ, ಇಲ್ಲವೇ ಪಾತ್ರೆಯ ತಳ ತೆಳ್ಳಗಿದೆ. ಸ್ವಲ್ಪ ಬಾಯಿ ಬಿಟ್ಟು, ಬಿಳಿ ಅಂಚು ತೋರಿಸಿ ಅಲ್ಲಿಗೇ ನಿಂತಿದ್ದರೆ ಅದರ ಸಿಪ್ಪೆಯಲ್ಲಿ ಮೊದಲೇ ಬಿರುಕಿತ್ತು. ಮೈ ಕೆಂಪಾಗಿದ್ದರೂ ಒಡೆಯದೆ ಕಲ್ಲಿನಂತೆ ಕೂತಿದ್ದರೆ ಒಳಗೆ ಸಿಡಿಯುವಷ್ಟು ನೀರೇ ಉಳಿದಿರಲಿಲ್ಲ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ಈ ಮೂರನೆಯ ಬಗೆ. ಬೆಣ್ಣೆ, ಚೀಸ್ ಪುಡಿ, ಮಸಾಲೆಗಳ ಬಗ್ಗೆ ಎಷ್ಟೋ ಬರೆದಿದ್ದಾರೆ. ಕಾಳಿನೊಳಗಿನ ನೀರನ್ನು ಕಾಪಾಡದೆ ಅವೆಲ್ಲ ಇದ್ದೂ ಏನೂ ಪ್ರಯೋಜನವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪಾಪ್‌ಕಾರ್ನ್ ಕಾಳಿನ ತೂಕದಲ್ಲಿ ಶೇ 13.5ರಿಂದ 14ರಷ್ಟು ನೀರಿರಬೇಕು. ಈ ನೀರು ಕಾಳಿನೊಳಗಿನ ಗಟ್ಟಿ ಪಿಷ್ಟದ ತುಂಬ ಹರಡಿಕೊಂಡಿರುತ್ತದೆ. ಕಾಳು ಕಾದಾಗ ನೀರು ಆವಿಯಾಗಿ ಹೊರಬರಲು ನೋಡುತ್ತದೆ, ಸಿಪ್ಪೆ ದಾರಿ ಕೊಡುವುದಿಲ್ಲ. ಶಾಖ 100 ಡಿಗ್ರಿ ದಾಟಿ ಏರುತ್ತಲೇ ಇರುತ್ತದೆ, ಒಳಗಿನ ಪಿಷ್ಟ ಮೆತ್ತಗೆ ಬೇಯುತ್ತದೆ. 180 ಡಿಗ್ರಿ ಸೆಲ್ಸಿಯಸ್ ಹತ್ತಿರ ಬರುವಾಗ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಒಂಬತ್ತು ಹತ್ತು ಪಟ್ಟಾಗಿರುತ್ತದೆ. ನಮ್ಮ ಮನೆಯ ಕುಕ್ಕರ್ ವಿಸಲ್ ಹಾಕುವಾಗ ಅದರೊಳಗಿರುವುದು ಸುಮಾರು ಎರಡು ಪಟ್ಟು ಮಾತ್ರ. ಆ ಪುಟ್ಟ ಸಿಪ್ಪೆ ತಡೆದುಕೊಳ್ಳುವ ಬಲ ಎಷ್ಟೆಂದು ಇದರಿಂದ ಊಹಿಸಬಹುದು. ಕೊನೆಗೆ ಸಿಪ್ಪೆ ಸೋಲುತ್ತದೆ. ಒತ್ತಡ ಒಮ್ಮೆಲೇ ಇಳಿದಾಗ ಆವಿ ಹಿಗ್ಗುತ್ತದೆ, ಮೆತ್ತಗಿದ್ದ ಪಿಷ್ಟ ನೊರೆಯಾಗಿ ಉಬ್ಬುತ್ತದೆ, ಆ ಕ್ಷಣದಲ್ಲೇ ತಣಿದು ಗಟ್ಟಿಯಾಗುತ್ತದೆ.

2015ರಲ್ಲಿ ಫ್ರಾನ್ಸ್‌ನ ಇಮ್ಯಾನುಯೆಲ್ ವಿರೋ ಮತ್ತು ಅಲೆಕ್ಸಾಂಡರ್ ಪೊನೊಮರೆಂಕೊ ಅತಿ ವೇಗದ ಕ್ಯಾಮೆರಾ ಇಟ್ಟು ಈ ಸಿಡಿತವನ್ನು ಗಮನಿಸಿದರು. 170 ಡಿಗ್ರಿಯಲ್ಲಿ ಶೇ 34ರಷ್ಟು ಕಾಳು ಮಾತ್ರ ಅರಳಿದರೆ, 180 ಡಿಗ್ರಿಯಲ್ಲಿ ಶೇ 96ರಷ್ಟು ಅರಳಿದವು. ಹತ್ತು ಡಿಗ್ರಿಗೆ ಇಷ್ಟು ಅಂತರ! ಒಲೆಯ ಮುಂದೆ ನಿಂತವರಿಗೆ ಇದಕ್ಕಿಂತ ಉಪಯುಕ್ತವಾದ ಅಂಕಿ ಬೇರೆ ಇಲ್ಲ. ಉರಿ ಸಣ್ಣದಾಗಿ ಕಾಳು ತೀರ ನಿಧಾನವಾಗಿ ಕಾದರೆ, ತೆನೆಗೆ ಅಂಟಿಕೊಂಡಿದ್ದ ತೊಟ್ಟಿನ ಕಡೆಯಿಂದ ಆವಿ ಸೋರಿಹೋಗುತ್ತದೆ, ಸಿಡಿಯುವ ಒತ್ತಡ ಬರುವುದೇ ಇಲ್ಲ. ಉರಿ ವಿಪರೀತವಾದರೆ ಒಳಗಿನ ಪಿಷ್ಟ ಪೂರ್ತಿ ಬೇಯುವ ಮುನ್ನವೇ ಸಿಪ್ಪೆ ಒಡೆದು, ನಡುವೆ ಗಟ್ಟಿ ಗಂಟು ಉಳಿದ ಸಣ್ಣ ಪಾಪ್‌ಕಾರ್ನ್ ಸಿಗುತ್ತದೆ.

ಹಾಗಾದರೆ ದಾವಣಗೆರೆ, ಹಾವೇರಿಯ ಹೊಲಗಳಲ್ಲಿ ರಾಶಿ ರಾಶಿಯಾಗಿ ಬೆಳೆಯುವ ಮೆಕ್ಕೆಜೋಳ ಒಣಗಿಸಿ ಬಾಣಲೆಗೆ ಹಾಕಿದರೆ ಯಾಕೆ ಅರಳುವುದಿಲ್ಲ? ಗೋವಿನಜೋಳ, ಮುಸುಕಿನಜೋಳ ಎಂದು ಊರಿಗೊಂದು ಹೆಸರಿನಲ್ಲಿ ಕರೆಯುವ ಆ ಬೆಳೆಯ ಬಹುಪಾಲು ಹೋಗುವುದು ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗಳಿಗೆ. ಅಲ್ಲಿಗೆ ಬೇಕಾದದ್ದು ಇಳುವರಿ. ಆ ಕಾಳಿನ ನಡುವೆ ಮೆತ್ತನೆಯ ಹಿಟ್ಟಿನ ಭಾಗ ಹೆಚ್ಚು, ಸಿಪ್ಪೆಗೆ ಆವಿ ತಡೆಯುವ ಬಿಗಿ ಇಲ್ಲ. ಬಿಸಿಗೆ ಅದು ಬಿರಿದು, ಹುರಿದು, ಜಗಿಯಲು ರುಚಿಯಾದ ಕಾಳಾಗುತ್ತದೆ ಅಷ್ಟೆ. ಪಾಪ್‌ಕಾರ್ನ್ ಜೋಳ ಬೇರೆಯೇ ಗುಂಪು. ಕಾಳು ಚಿಕ್ಕದು, ಒಳಗೆಲ್ಲ ಗಾಜಿನ ಹೊಳಪಿನ ಗಟ್ಟಿ ಪಿಷ್ಟ. ಜೋಳದ ಬಗೆಗಳಲ್ಲಿ ಇದು ಬಲು ಹಳೆಯದು. ಪೆರು ದೇಶದ ಉತ್ತರ ಕರಾವಳಿಯ ಪರೆದೊನೆಸ್ ಮತ್ತು ವಾಕಾ ಪ್ರಿಯೆಟಾ ನೆಲೆಗಳಲ್ಲಿ ಸಿಕ್ಕ ಅವಶೇಷಗಳು, ಸಾವಿರಾರು ವರ್ಷಗಳ ಹಿಂದೆಯೇ ಅಲ್ಲಿಯವರು ಜೋಳ ಅರಳಿಸಿ ತಿನ್ನುತ್ತಿದ್ದರೆಂದು ತೋರಿಸಿವೆ. ಭಾರತದಲ್ಲೂ ಇದಕ್ಕೆಂದೇ ತಳಿಗಳಿವೆ. ಅಲ್ಮೋರಾದ ಸಂಶೋಧನಾ ಸಂಸ್ಥೆಯ ವಿಎಲ್ ಅಂಬರ್ ಪಾಪ್‌ಕಾರ್ನ್, ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಪರ್ಲ್ ಪಾಪ್‌ಕಾರ್ನ್ ಅಂಥವು.

ತಳಿ ಎಷ್ಟು ಮುಖ್ಯ ಎಂಬುದನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಬ್ರೂಸ್ ಹಮೇಕರ್ ತಂಡ 2005ರಲ್ಲಿ ತೋರಿಸಿಕೊಟ್ಟಿತು. ಅವರು 14 ತಳಿಗಳನ್ನು ಅರಳಿಸಿ ನೋಡಿದಾಗ ಅರಳದೆ ಉಳಿದ ಕಾಳಿನ ಪ್ರಮಾಣ ಶೇ 4ರಿಂದ ಶೇ 47ರವರೆಗೆ ಇತ್ತು. ಒಳ್ಳೆಯ ತಳಿಗಳ ಸಿಪ್ಪೆಯಲ್ಲಿ ಸೆಲ್ಯುಲೋಸ್ ಹೆಚ್ಚು ಒಪ್ಪವಾಗಿ, ಹರಳಿನಂತೆ ಜೋಡಣೆಗೊಂಡಿತ್ತು. ಆವಿ ಸೋರದಂತೆ ಹಿಡಿದಿಡುತ್ತಿದ್ದುದು ಅದೇ. ಕಳಪೆ ಬೀಜ ತಂದು ಒಲೆಯ ಮುಂದೆ ಎಷ್ಟು ಜಾಣತನ ತೋರಿದರೂ ಅರ್ಧ ಕಾಳು ತಳದಲ್ಲೇ ಉಳಿಯಬಹುದು ಎಂದಾಯಿತು.

ಅಂಗಡಿಯಲ್ಲಿ ತಳಿಯ ಹೆಸರು ಹೇಳುವವರು ಸಿಗುವುದು ಅಪರೂಪ. ಕಣ್ಣಿಗೆ ಕಾಣುವ ಗುರುತುಗಳನ್ನೇ ನಂಬಬೇಕು. ಕಾಳುಗಳು ಒಂದೇ ಗಾತ್ರದವಾಗಿರಲಿ, ಮೈ ಹೊಳೆಯುತ್ತಿರಲಿ. ಮುರುಕು, ಸೀಳು, ಪುಡಿ ಕಂಡರೆ ಬೇಡ. ಸೀಳಿದ ಕಾಳು ಎಂದೂ ಅರಳದು. ಬಾಯಿ ತೆರೆದ ಚೀಲದಿಂದ ಅಳೆದು ಕೊಡುವ ಬಿಡಿ ಕಾಳಿಗಿಂತ ಬಿಗಿಯಾಗಿ ಮುಚ್ಚಿದ ಪ್ಯಾಕೆಟ್ ಮೇಲು, ಅದರಲ್ಲೂ ಈಚೆಗೆ ಪ್ಯಾಕ್ ಆದದ್ದು. ಮನೆಗೆ ತಂದ ಮೇಲೆ ಒಂದು ಸುಲಭ ಪರೀಕ್ಷೆ ಮಾಡಬಹುದು. ನೂರು ಕಾಳು ಎಣಿಸಿ ಅರಳಿಸಿ, ಉಳಿದವನ್ನು ಎಣಿಸಿ. ಐದರೊಳಗೆ ಉಳಿದರೆ ಅದೇ ಬ್ರ್ಯಾಂಡ್ ಮುಂದುವರಿಸಿ. ಹದಿನೈದು ಇಪ್ಪತ್ತು ಉಳಿದರೆ ಕಾಳು ಒಣಗಿದೆ ಅಥವಾ ಬೀಜವೇ ಸಾಧಾರಣ.

ಬಣ್ಣದ ವಿಷಯ ಬೇಗ ಮುಗಿಸಬಹುದು. ಹಳದಿ ಕಾಳು ತುಸು ದೊಡ್ಡದಾಗಿ ಅರಳುತ್ತದೆ, ಜೋಳದ ರುಚಿ ಎದ್ದು ಕಾಣುತ್ತದೆ. ಬಿಳಿಯದು ಚಿಕ್ಕದು, ಮೃದು, ಸಿಪ್ಪೆ ಹಲ್ಲಿಗೆ ಸಿಕ್ಕುವುದು ಕಡಿಮೆ. ಮಕ್ಕಳಿಗೆ, ವಯಸ್ಸಾದವರಿಗೆ ನಾನು ಬಿಳಿಯದನ್ನೇ ಹೇಳುತ್ತೇನೆ. ಕೆಂಪು, ನೀಲಿ, ಕಪ್ಪು ಕಾಳುಗಳ ಬಣ್ಣ ಹೊರಪದರದಲ್ಲೇ ಉಳಿಯುತ್ತದೆ, ಅರಳಿದ ಮೇಲೆ ಎಲ್ಲವೂ ಬಿಳಿ. ಅದಕ್ಕಾಗಿ ಹೆಚ್ಚು ಹಣ ಕೊಡಬೇಕಿಲ್ಲ. ಸಿಪ್ಪೆಯೇ ಇಲ್ಲದ ಪಾಪ್‌ಕಾರ್ನ್ ಎಂದು ಮಾರುವುದುಂಟು. ಸಿಪ್ಪೆ ಇಲ್ಲದಿದ್ದರೆ ಅರಳುವುದೇ ಇಲ್ಲ. ಅವುಗಳಲ್ಲಿ ಸಿಪ್ಪೆ ತೆಳ್ಳಗಿದ್ದು ಚೂರುಚೂರಾಗುವುದರಿಂದ ಬಾಯಿಗೆ ತಿಳಿಯುವುದಿಲ್ಲ. ಬಣ್ಣಕ್ಕಿಂತ ಆಕಾರ ಮುಖ್ಯ. ರೆಕ್ಕೆ ಬಿಚ್ಚಿದಂತೆ ಅರಳುವ ಬಟರ್‌ಫ್ಲೈ ಬಗೆ ಉಪ್ಪು, ತುಪ್ಪ, ಮಸಾಲೆಗೆ ಸರಿ. ಉರುಟಾಗಿ ಅರಳುವ ಮಶ್ರೂಮ್ ಬಗೆ ಪಾಕ ಹಿಡಿಸಲು ಸರಿ, ಕಲಸುವಾಗ ಮುರಿಯುವುದಿಲ್ಲ.

ಇನ್ನು ಸಂಗ್ರಹ. ನನ್ನ ಪ್ರಕಾರ ಪಾಪ್‌ಕಾರ್ನ್ ಹೆಚ್ಚು ಕೆಡುವುದು ಡಬ್ಬಿಯಲ್ಲಿ. ಯಾವ ಧಾನ್ಯವೂ ಸುತ್ತಲಿನ ಗಾಳಿಗೆ ತಕ್ಕಂತೆ ನೀರು ಕಳೆದುಕೊಳ್ಳುತ್ತದೆ ಅಥವಾ ಎಳೆದುಕೊಳ್ಳುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯ ಒಣಗಾಳಿಗೆ ತೆರೆದಿಟ್ಟ ಕಾಳು ಕೆಲವೇ ವಾರಗಳಲ್ಲಿ ಸೊರಗುತ್ತದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಅದೇ ಕಾಳು ತೇವ ಕುಡಿದು, ಅರಳಿದಾಗ ತೊಗಲಿನಂತೆ ನಾರುನಾರಾಗುತ್ತದೆ. ಎರಡಕ್ಕೂ ಮದ್ದು ಒಂದೇ: ಪ್ಯಾಕೆಟ್ ಒಡೆದ ದಿನವೇ ರಬ್ಬರ್ ಬಿಗಿ ಇರುವ ಗಾಜಿನ ಜಾಡಿಗೆ ತುಂಬಿ, ಒಲೆಯಿಂದ ದೂರ, ಕತ್ತಲೆಯ ಕಪಾಟಿನಲ್ಲಿಡುವುದು. ಫ್ರಿಜ್‌ನ ಗಾಳಿ ಒಣ. ಬಾಯಿ ಮಡಚಿದ ಪ್ಯಾಕೆಟ್ ಅಲ್ಲಿಡುವುದು ತಪ್ಪು.

ಒಣಗಿದ ಕಾಳನ್ನು ಎಸೆಯಬೇಕಿಲ್ಲ. ಅರ್ಧ ಕಿಲೋ ಕಾಳಿಗೆ ಎರಡು ಟೀ ಚಮಚ ನೀರು ಹಾಕಿ, ಜಾಡಿ ಮುಚ್ಚಿ ಚೆನ್ನಾಗಿ ಕುಲುಕಿ. ಹತ್ತು ಗ್ರಾಂ ನೀರೆಂದರೆ ಶೇ 2ರಷ್ಟು ತೇವ ಮರಳಿ ಬಂತು. ದಿನಕ್ಕೆರಡು ಸಲ ಕುಲುಕುತ್ತ ಮೂರು ನಾಲ್ಕು ದಿನ ಬಿಟ್ಟು ಹಿಡಿಯಷ್ಟು ಅರಳಿಸಿ ನೋಡಿ. ಸಾಲದಿದ್ದರೆ ಇನ್ನೊಂದು ಚಮಚ. ಒಮ್ಮೆಗೇ ಹೆಚ್ಚು ಸುರಿದರೆ ಬೂಸ್ಟು ಬರುತ್ತದೆ. ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿಗೆ ಅಳ್ಳು ಹುರಿಯುವ ಮನೆಗಳವರಿಗೆ ಈ ಲೆಕ್ಕ ಹೊಸದೇನಲ್ಲ. ಜೋಳಕ್ಕೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಮುಚ್ಚಿಟ್ಟು, ನೀರು ಒಳಗಿಳಿದು ಮೈ ಆರಿದ ಮೇಲೆಯೇ ಕಾದ ಬಾಣಲೆಗೆ ಹಾಕುತ್ತಾರೆ. ಹುರಿಹಿಟ್ಟಿಗೆ ರಾಗಿ ಅರಳಿಸುವವರೂ ಹೀಗೇ ಮಾಡುತ್ತಾರೆ. ಅಳ್ಳಿಗೆ ಯಾವ ಜೋಳ ಆದೀತು, ರೊಟ್ಟಿಗೆ ಯಾವುದು ಎಂದು ಬೇರೆ ಬೇರೆ ಆರಿಸುವುದೂ ಅಲ್ಲಿ ಇದ್ದದ್ದೇ. ತೇವಾಂಶ ಅಳೆಯುವ ಯಂತ್ರವಿಲ್ಲದೆ ಕೈಯಿಂದ ಕೈಗೆ ಬಂದ ಈ ತಿಳಿವಳಿಕೆಯ ಮುಂದೆ ನನಗೆ ಅಪಾರ ಗೌರವ.

ಅರಳಿಸುವ ವಿಧಾನಗಳಲ್ಲಿ ಎಣ್ಣೆ ಹಾಕಿ ಒಲೆಯ ಮೇಲೆ ಮಾಡುವುದೇ ನನಗೆ ಮೊದಲನೆಯದು. 1893ರ ಷಿಕಾಗೋ ಮಹಾಮೇಳದಲ್ಲಿ ಚಾರ್ಲ್ಸ್ ಕ್ರೆಟರ್ಸ್ ತನ್ನ ಹಬೆಯಂತ್ರದ ಬಂಡಿಯಲ್ಲಿ ತೋರಿಸಿದ್ದೂ ಕೊಬ್ಬಿನಲ್ಲಿ, ಮಸಾಲೆಯೊಂದಿಗೆ ಕಾಳು ಅರಳಿಸುವುದನ್ನೇ. ಎಣ್ಣೆ ಕಾಳಿನ ಮೈಯನ್ನೆಲ್ಲ ಸುತ್ತಿ ಶಾಖವನ್ನು ಸಮನಾಗಿ ಮುಟ್ಟಿಸುತ್ತದೆ. ಐದು ಲೀಟರಿನ ದಪ್ಪ ತಳದ ಪಾತ್ರೆಗೆ ಅರ್ಧ ಕಪ್ ಕಾಳು, ಎರಡು ದೊಡ್ಡ ಚಮಚ ಎಣ್ಣೆ. ಕಾಳು ತಳದಲ್ಲಿ ಒಂದೇ ಪದರವಾಗಿ ಹರಡಬೇಕು. ಶೇಂಗಾ ಎಣ್ಣೆ, ರಿಫೈನ್ಡ್ ತೆಂಗಿನೆಣ್ಣೆ, ತುಪ್ಪ ಮೂರೂ ಆಗುತ್ತವೆ. ಬೆಣ್ಣೆ ಮಾತ್ರ ಮೊದಲಿಗೆ ಬೇಡ. ಅದರಲ್ಲಿರುವ ಹಾಲಿನ ಅಂಶ ಕಾಳು ಅರಳುವ ಮುನ್ನವೇ ಸೀದುಹೋಗುತ್ತದೆ.

ಎಣ್ಣೆಗೆ ಮೂರು ಕಾಳು ಹಾಕಿ, ಮುಚ್ಚಿ, ಮಧ್ಯಮ ಉರಿಯಲ್ಲಿ ಕಾಯಿರಿ. ಮೂರೂ ಸಿಡಿದರೆ ಎಣ್ಣೆ ಹದಕ್ಕೆ ಬಂದಂತೆ. ಉಳಿದ ಕಾಳು ಸುರಿದು ಪಾತ್ರೆಯನ್ನು ಒಲೆಯಿಂದ ಇಳಿಸಿ ಅರ್ಧ ನಿಮಿಷ ಬಿಡಿ. ಹಲವರು ಬಿಟ್ಟುಬಿಡುವ ಹೆಜ್ಜೆ ಇದು. ತಣ್ಣಗಿದ್ದ ಕಾಳೆಲ್ಲ ಈ ಅರ್ಧ ನಿಮಿಷದಲ್ಲಿ ಒಂದೇ ಬಿಸಿಗೆ ಬರುತ್ತವೆ, ಮತ್ತೆ ಒಲೆಗೆ ಇಟ್ಟಾಗ ಹೆಚ್ಚುಕಡಿಮೆ ಒಟ್ಟಿಗೇ ಸಿಡಿಯುತ್ತವೆ. ಮೊದಲು ಅರಳಿದ್ದು ಕೊನೆಯದಕ್ಕೆ ಕಾಯುತ್ತ ಸೀಯುವುದಿಲ್ಲ. ಸದ್ದು ಶುರುವಾದ ಮೇಲೆ ಮುಚ್ಚಳವನ್ನು ಒಂದು ಕಡೆ ಸ್ವಲ್ಪ ಓರೆ ಮಾಡಿ. ಒಂದೊಂದು ಕಾಳೂ ಆವಿ ಬಿಡುತ್ತಿರುತ್ತದೆ, ಅದು ಹೊರಗೆ ಹೋಗದಿದ್ದರೆ ಅರಳಿದ ಪಾಪ್‌ಕಾರ್ನ್ ಅದನ್ನೇ ಹೀರಿ ಮೆತ್ತಗಾಗುತ್ತದೆ. ಗರಿಗರಿಯಾಗಿಲ್ಲ ಎಂಬ ದೂರಿಗೆ ಮುಕ್ಕಾಲು ಪಾಲು ಕಾರಣ ಬಿಗಿ ಮುಚ್ಚಳ. ಎರಡು ಸಿಡಿತದ ನಡುವೆ ಎರಡು ಸೆಕೆಂಡು ಬಿಡುವು ಬಂದರೆ ಒಲೆ ಆರಿಸಿ, ಅಗಲ ಪಾತ್ರೆಗೆ ಸುರಿದುಬಿಡಿ.

ನಮ್ಮಲ್ಲಿ ಅನೇಕರು ಕುಕ್ಕರಿನಲ್ಲಿ ಮಾಡುತ್ತಾರೆ. ತಳ ದಪ್ಪ, ಗೋಡೆ ಎತ್ತರ, ಪಾತ್ರೆಯಾಗಿ ಅದು ಬಹಳ ಒಳ್ಳೆಯದು. ಆದರೆ ಕುಕ್ಕರಿನ ಮುಚ್ಚಳ ಬಿಗಿಯಬೇಡಿ, ಅರಳಿದ ಕಾಳು ಆವಿ ಹೋಗುವ ತೂತಿಗೆ ಸಿಕ್ಕಿಕೊಂಡರೆ ಅಪಾಯ. ಮೇಲೊಂದು ಸಾದಾ ತಟ್ಟೆ ಮುಚ್ಚಿದರೆ ಸಾಕು.

ಬಿಸಿಗಾಳಿಯ ಯಂತ್ರದಲ್ಲಿ ಎಣ್ಣೆಯೇ ಬೇಡ, ಆವಿಯೂ ತಕ್ಷಣ ಹೊರಟುಹೋಗುತ್ತದೆ. ಪಾಪ್‌ಕಾರ್ನ್ ಹಗುರ, ಗರಿಗರಿ. ಕೊರತೆ ಎಂದರೆ ಉಪ್ಪು ಅಂಟುವುದಿಲ್ಲ, ರುಚಿ ಸಪ್ಪೆ. ಕೊಬ್ಬು ಬೇಡವೆಂದು ವೈದ್ಯರು ಹೇಳಿದವರಿಗೆ ಅದು ಸರಿ. ಮೈಕ್ರೊವೇವ್‌ಗೂ ಪಾಪ್‌ಕಾರ್ನ್‌ಗೂ ನಂಟು ಹಳೆಯದು. 1945ರ ಹೊತ್ತಿಗೆ ಪರ್ಸಿ ಸ್ಪೆನ್ಸರ್ ಆ ತರಂಗಗಳ ಬಿಸಿಯನ್ನು ಪರೀಕ್ಷಿಸಲು ಬಳಸಿದ ಮೊದಲ ಪದಾರ್ಥಗಳಲ್ಲಿ ಜೋಳದ ಕಾಳೂ ಒಂದು. ಸಿದ್ಧ ಪ್ಯಾಕೆಟ್‌ಗಳ ಬದಲು ಮೈಕ್ರೊವೇವ್‌ಗೆ ಆಗುವ ಗಾಜಿನ ಬಟ್ಟಲಿಗೆ ಕಾಲು ಕಪ್ ಕಾಳು ಹಾಕಿ, ಮೇಲೆ ತಟ್ಟೆ ಓರೆಯಾಗಿ ಮುಚ್ಚಿ ಅರಳಿಸುವುದು ಒಳ್ಳೆಯದೆನಿಸುತ್ತದೆ. ಸಿದ್ಧ ಚೀಲಗಳ ಕಾಗದಕ್ಕೆ ಎಣ್ಣೆ ಸೋರದಂತೆ ಬಳಿಯುತ್ತಿದ್ದ ಪಿಫಾಸ್ ರಾಸಾಯನಿಕಗಳ ಮಾರಾಟ ನಿಂತಿದೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಪ್ರಕಟಿಸಿದ್ದು 2024ರಲ್ಲಿ, ತೀರ ಈಚೆಗೆ.

ಉಪ್ಪಿನ ಬಗ್ಗೆ ಒಂದೇ ಮಾತು: ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿ. ಹರಳು ಉಪ್ಪು ಜಾರಿ ತಳ ಸೇರುತ್ತದೆ, ಆಮೇಲೆ ಇನ್ನಷ್ಟು ಹಾಕುತ್ತೇವೆ. ಚಿಟಿಕೆ ಅರಿಸಿನವನ್ನು ಕಾಳಿನ ಜೊತೆಗೇ ಎಣ್ಣೆಗೆ ಹಾಕಿದರೆ ಬಣ್ಣ ಎಲ್ಲ ಕಡೆ ಹರಡುತ್ತದೆ. ಖಾರದ ಪುಡಿ ಮಾತ್ರ ಕೊನೆಗೆ, ಅದು ಬಿಸಿ ಎಣ್ಣೆಯಲ್ಲಿ ಕ್ಷಣದಲ್ಲಿ ಕಪ್ಪಗಾಗುತ್ತದೆ. ನನಗೆ ಬಲು ಇಷ್ಟವಾದದ್ದು ಶೇಂಗಾ ಚಟ್ನಿ ಪುಡಿ. ಜರಡಿ ಹಿಡಿದ ನುಣುಪು ಪುಡಿಯನ್ನು ಎರಡು ಚಮಚ ಬೆಚ್ಚಗಿನ ತುಪ್ಪದಲ್ಲಿ ಕದಡಿ, ಬಿಸಿ ಪಾಪ್‌ಕಾರ್ನ್ ಮೇಲೆ ಸುರಿದು ಎರಡು ಕೈಯಲ್ಲಿ ಮೇಲೆ ಕೆಳಗೆ ಮಾಡಬೇಕು. ಕರಿಬೇವು, ಇಂಗಿನ ಒಗ್ಗರಣೆಯೂ ಚೆನ್ನ, ಕರಿಬೇವು ಪೂರ್ತಿ ಗರಿಯಾಗುವವರೆಗೆ ಹುರಿದಿರಬೇಕು. ಹಸಿ ಎಲೆಯ ತೇವ ಪಾಪ್‌ಕಾರ್ನ್‌ಗೆ ಆಗದು.

ಸಿಹಿ ಬೇಕಾದವರು ಬೆಲ್ಲಕ್ಕೆ ತುಸು ನೀರು ಹಾಕಿ ಚಿಕ್ಕಿಯ ಪಾಕಕ್ಕೆ ಬರಿಸಬೇಕು. ಒಂದು ಹನಿ ತಣ್ಣೀರಿಗೆ ಬಿಟ್ಟರೆ ಮುರಿಯುವಷ್ಟು ಗಟ್ಟಿಯಾಗಲಿ. ಆಗ ಒಂದು ಚಮಚ ತುಪ್ಪ, ಚಿಟಿಕೆ ಅಡುಗೆ ಸೋಡಾ ಸೇರಿಸಿದರೆ ಪಾಕ ಬುಸುಗುಟ್ಟಿ ಉಬ್ಬುತ್ತದೆ. ತಣಿದ ಮೇಲೆ ಹಲ್ಲಿಗೆ ಗಟ್ಟಿಯಾಗದೆ ಪುಡಿಯಾಗುತ್ತದೆ. ಪಾಪ್‌ಕಾರ್ನ್ ಸುರಿದು ಬೇಗ ಬೇಗ ಕಲಸಿ, ತುಪ್ಪ ಸವರಿದ ತಟ್ಟೆಯಲ್ಲಿ ಹರಡಿ, ಅಂಟಿಕೊಂಡವನ್ನು ಬಿಸಿಯಿರುವಾಗಲೇ ಬಿಡಿಸಿ. ಪೂರ್ತಿ ತಣಿದ ಮೇಲೆ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿಡಿ. ಮಳೆಗಾಲದಲ್ಲಾದರೆ ಒಂದೆರಡು ದಿನಕ್ಕೆ ಸಾಕಾಗುವಷ್ಟೇ ಮಾಡಿ, ಬೆಲ್ಲ ಬೇಗ ಬೆವರುತ್ತದೆ.