ಪಡಸಾಲೆಯಲ್ಲಿ ಕೂಡುವ ಸಭೆ

ಮಂಡ್ಯ ಪೇಟೆಯ ಹಿಂಬದಿಯ ಒಂದು ಬಡಾವಣೆ. ಅಕ್ಕಪಕ್ಕದವುಗಳಂಥದೇ ಒಂದು ಮನೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗಿನಿಂದ ಕಂಜರದ ಸದ್ದು. ಪಡಸಾಲೆಯಲ್ಲಿ ಜಮಖಾನ ಹಾಸಿದೆ, ಗೋಡೆಯಲ್ಲಿ ಬೈಬಲ್ ವಾಕ್ಯದ ಕ್ಯಾಲೆಂಡರ್ ತೂಗುತ್ತಿದೆ. ಹೆಂಗಸರು ತಲೆ ಮೇಲೆ ಸೆರಗು ಹೊದ್ದು ಒಂದು ಮಗ್ಗುಲಿಗೆ, ಗಂಡಸರು ಇನ್ನೊಂದು ಮಗ್ಗುಲಿಗೆ, ಮಕ್ಕಳು ಎಲ್ಲೆಂದರಲ್ಲಿ. "ಬನ್ರಣ್ಣ, ಕುಂತ್ಕಳಿ" ಎಂದು ಜಾಗ ಮಾಡಿಕೊಟ್ಟರು. ಇದು ಮನೆ ಸಭೆ. ಯೇಸುವನ್ನು ನಂಬಿದವರು ಶಿಷ್ಯರಾಗುವುದನ್ನು ಕಲಿಯುವ ಜಾಗ.

ಹಾಡು ಮುಗಿದು ವಾಕ್ಯ ಓದುವ ಹೊತ್ತು ಬಂತು. ಲೂಕನ ಸುವಾರ್ತೆಯ 5ನೇ ಅಧ್ಯಾಯ. ಒಬ್ಬ ಹುಡುಗಿ ನಿಧಾನವಾಗಿ ಎರಡು ಸಲ ಓದಿದಳು. ಅಕ್ಷರ ಬಾರದ ಒಬ್ಬ ಅಜ್ಜಿ ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಿದರು: "ಕೈಕಾಲು ಬಿದ್ದೋದವ್ನ ಒತ್ಕಂಡು ಬಂದ್ರು ಕನಣ್ಣ. ಬಾಗ್ಲಲ್ಲಿ ಜಾಗ್ವೇ ಇಲ್ಲ. ಮನೆ ಮೇಲತ್ತಿ ಎಂಚು ತಗ್ದು ಇಳ್ಸುದ್ರು." ತಪ್ಪಿದ್ದರೆ ಉಳಿದವರು ತಿದ್ದಬೇಕು. ಯಾರೂ ತಿದ್ದುವ ಅಗತ್ಯ ಬೀಳಲಿಲ್ಲ.

ಆಮೇಲೆ ಮೂರು ಪ್ರಶ್ನೆ. ಹೋದ ವಾರ ಕೇಳಿದ್ದನ್ನು ಏನು ಮಾಡಿದಿರಿ? ಇವತ್ತಿನ ವಾಕ್ಯ ಏನು ಹೇಳುತ್ತದೆ? ಮುಂದಿನ ವಾರದೊಳಗೆ ಏನು ಮಾಡುತ್ತೀರಿ? ಒಬ್ಬ ಯುವಕ ಮಾತು ಬಿಟ್ಟಿದ್ದ ಅಣ್ಣನ ಮನೆಗೆ ಹೋಗಿ ಬಂದುದನ್ನು ಹೇಳಿದ. ಇನ್ನೊಬ್ಬರು ಕುಡಿತ ಬಿಡಲಾಗಲಿಲ್ಲವೆಂದು ತಲೆ ತಗ್ಗಿಸಿದರು. ಪಕ್ಕದಲ್ಲಿದ್ದವರು ಅವರ ಹೆಗಲ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ನೂರಾರು ಜನರ ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಎದ್ದು ಬರಬಹುದು. ಈ ಪಡಸಾಲೆಯಲ್ಲಿ ಅದು ಸಾಧ್ಯವಿಲ್ಲ. ಮನೆ ಸಭೆಯ ಬಲವೆಲ್ಲ ಅದು ಚಿಕ್ಕದಾಗಿರುವುದರಲ್ಲೇ ಇದೆ.

ಈ ಪದ್ಧತಿ ಕ್ರೈಸ್ತ ಸಭೆಯಷ್ಟೇ ಹಳೆಯದು. ಪ್ರಿಸ್ಕಿಲ್ಲ–ಅಕ್ವಿಲ ಗುಡಾರ ಮಾಡಿ ಬದುಕುತ್ತಿದ್ದ ದಂಪತಿ. ಅವರ ಮನೆಯಲ್ಲಿ ಕೂಡುತ್ತಿದ್ದ ಸಭೆಗೆ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿ ವಂದನೆ ಹೇಳುತ್ತಾನೆ. ಸಿರಿಯಾದ ಡೂರಾ ಯೂರೋಪೊಸ್‌ನಲ್ಲಿ ಅಗೆದಾಗ ಸಿಕ್ಕ ಮೂರನೆಯ ಶತಮಾನದ ಸಭಾಸ್ಥಳವೂ ಮೊದಲು ಒಂದು ವಾಸದ ಮನೆಯೇ ಆಗಿತ್ತು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕ್ರೈಸ್ತ ಬೋಧಕ ಜಾನ್ ವೆಸ್ಲಿಯ ಅನುಯಾಯಿಗಳು ಹನ್ನೆರಡು ಹನ್ನೆರಡು ಮಂದಿಯ ಗುಂಪುಗಳಾದರು. ಗುಂಪಿನ ನಾಯಕ ವಾರಕ್ಕೊಮ್ಮೆ ಪ್ರತಿಯೊಬ್ಬರ ಬಾಳನ್ನು ವಿಚಾರಿಸಬೇಕಿತ್ತು. ಹಳೆ ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಷನ್ ಆ ಪರಂಪರೆಯದೇ.

ಇಂಥದೇ ಇನ್ನೊಂದು ಸಭೆ ಮದ್ದೂರಿನ ಕಡೆಯ ಒಂದು ಹಳ್ಳಿಯ ಮನೆಯಲ್ಲಿ ಸೇರಿದ್ದು ರಾತ್ರಿ. ಕಬ್ಬು ಕಡಿಯುವ ಕಾಲದಲ್ಲಿ ಗದ್ದೆಯಿಂದ, ಆಲೆಮನೆಯಿಂದ ಜನ ಬರುವುದೇ ಕತ್ತಲಾದ ಮೇಲೆ. ಇಲ್ಲಿ ಕರ್ತನ ಭೋಜನಕ್ಕೂ ಮನೆಯ ಊಟಕ್ಕೂ ನಡುವೆ ಗೋಡೆಯಿಲ್ಲ. ರೊಟ್ಟಿ ಮುರಿದು, ದ್ರಾಕ್ಷಾರಸ ಹಂಚಿ, ಪ್ರಾರ್ಥನೆ ಮುಗಿದ ಕೂಡಲೇ ಮುದ್ದೆ, ಉಪ್ಸಾರು ಬಂತು. "ಉಂಡ್ಕಂಡೇ ಓಗ್ಬೇಕು" ಎಂದು ಮನೆಯಾಕೆ ಪಟ್ಟು ಹಿಡಿದರು. ಬೇರೆ ಬೇರೆ ಜಾತಿಯಲ್ಲಿ ಹುಟ್ಟಿದವರು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದು ಈ ಸೀಮೆಯಲ್ಲಿ ಸಣ್ಣ ಮಾತಲ್ಲ. ಕಾಣಿಕೆಯ ಚೀಲದ ಹಣವನ್ನು ಎಲ್ಲರೆದುರು ಎಣಿಸಿದರು. ಅದು ಆಸ್ಪತ್ರೆಯಲ್ಲಿದ್ದ ಒಬ್ಬರ ಖರ್ಚಿಗೆ ಹೋಯಿತು. ಬಾಡಿಗೆಯಿಲ್ಲ, ಸಂಬಳವಿಲ್ಲ.

ಮೂರನೆಯ ಸಭೆ ಮಳವಳ್ಳಿಯದು. ಗುರು ಶಿಷ್ಯನ ಮನೆಬಾಗಿಲಿಗೇ ಬರುವ ಕಥೆ ಈ ನೆಲದಲ್ಲಿ ಮೊದಲಿನಿಂದಲೂ ಇದೆ. ಮಂಟೇಸ್ವಾಮಿ ಎಂಬ ಜನಪದ ಕಾವ್ಯದಲ್ಲಿ ಧರೆಗೆ ದೊಡ್ಡವರೆನಿಸಿದ ಮಂಟೇಸ್ವಾಮಿ ಮದ್ದೂರು ತಾಲ್ಲೂಕಿನ ನಿಡಘಟ್ಟಕ್ಕೆ ಬಂದು ಕೆಂಪಾಚಾರಿಯನ್ನು ಶಿಶುಮಗನಾಗಿ, ಅಂದರೆ ಶಿಷ್ಯನಾಗಿ, ಕೇಳುತ್ತಾರೆ. ಸಿದ್ದಪ್ಪಾಜಿಯಾದ ಅವನನ್ನು ಮಳವಳ್ಳಿ ತಾಲ್ಲೂಕಿನ ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾರೆ. ನಂಬಿಕೆ ಬೇರೆ, ಗುರು ಬೇರೆ. ಆದರೆ ಶಿಷ್ಯನಾದವನಿಗೆ ಕಷ್ಟದ ಕೆಲಸ ಕಾದಿರುತ್ತದೆ ಎಂಬುದನ್ನು ಇಲ್ಲಿಯ ಜನರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಮಳವಳ್ಳಿಯ ಸಭೆಯಲ್ಲಿ ಅಂದು ವಾಕ್ಯ ಹೇಳಿದವರು ಗಾರೆ ಕೆಲಸದ ಒಬ್ಬರು. ಹಿರಿಯರು ಮೂಲೆಯಲ್ಲಿ ಕುಳಿತು ಕೇಳುತ್ತಿದ್ದರು. ಕಲಿತವರು ಕಲಿಸಲು ತೊಡಗಿದ ಮೇಲೆ ಹಿರಿಯರು ಹಿಂದೆ ಸರಿಯಬೇಕೆಂಬುದು ಆ ಸಭೆಯ ನಿಯಮ.

ಅಪಾಯಗಳೂ ಇವೆ. ಮನೆ ಸಭೆ ಒಬ್ಬನೇ ವ್ಯಕ್ತಿಯ ಸುತ್ತ ಬೆಳೆದರೆ ಅವನ ಮಾತೇ ವೇದವಾಗಿಬಿಡುತ್ತದೆ. ಇಬ್ಬರು ಮೂವರು ಹಿರಿಯರು, ತೆರೆದ ಲೆಕ್ಕ, ಬೇರೆ ಸಭೆಗಳ ಒಡನಾಟ ಇರಲೇಬೇಕು. ಹೊರಗಿನ ಅನುಮಾನವೂ ಉಂಟು. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಜಾರಿಗೆ ಬಂತು. ಮನೆಯೊಳಗೆ ಶಾಂತವಾಗಿ ಪ್ರಾರ್ಥಿಸುವವರು ಅಂಜಿ ಬಾಳಬೇಕಾದುದಿಲ್ಲ. ಆಮಿಷ, ಒತ್ತಾಯಗಳಿಗೆ ಅಲ್ಲಿ ಜಾಗವೂ ಇರಬಾರದು.

ಆಮಿಷಕ್ಕೆ ಬಂದವರು ಆ ಮೂರು ಪ್ರಶ್ನೆಗಳ ಮುಂದೆ ಹೆಚ್ಚು ದಿನ ನಿಲ್ಲಲಾರರು. ಕೇಳಿದ್ದನ್ನು ಮಾಡಿದೆಯಾ ಎಂದು ಪ್ರೀತಿಯಿಂದ ಕೇಳುವವರು, ಸೋತವರನ್ನು ಬಿಡದೆ ಜೊತೆಗಿರುವವರು ಇರುವ ಕಡೆ ಶಿಷ್ಯರು ರೂಪುಗೊಳ್ಳುತ್ತಾರೆ. ದೊಡ್ಡ ಚರ್ಚುಗಳೂ ಈ ಮೂರು ಊರುಗಳ ಪಡಸಾಲೆಗಳಿಂದ ಮೊದಲು ಕಲಿಯಬೇಕಾದುದು ಇದನ್ನೇ.