ಇದನ್ನು ಬರೆದವರು ಯಾರು?

ಮಕ್ಕಳೇ, ಮೊದಲು ಒಂದು ಆಟ ಆಡೋಣ. ಕೆಳಗಿನ ಸಾಲುಗಳನ್ನು ಓದಿ ಬಿಟ್ಟ ಜಾಗವನ್ನು ತುಂಬಿರಿ.

"ಆಕಾಶದಲ್ಲಿ ಕಪ್ಪು ಮೋಡ ಕವಿಯಿತು. ಗುಡುಗು ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿಯೇ ಧಾರಾಕಾರವಾಗಿ ........ ಸುರಿಯಿತು."

'ಮಳೆ' ಎಂದಿರಲ್ಲವೇ? ತರಗತಿಯಲ್ಲಿ ಮೂವತ್ತು ಮಂದಿ ಇದ್ದರೆ ಮೂವತ್ತು ಮಂದಿಯೂ ಅದನ್ನೇ ಹೇಳುತ್ತಾರೆ. ಈಗ ಇನ್ನೊಂದು ಸಾಲು.

"ಅಜ್ಜಿ ಅಂಗಳಕ್ಕೆ ಓಡಿ ಬಂದು ........ ಎತ್ತಿಕೊಂಡರು."

ಈ ಸಲ ಉತ್ತರಗಳು ಬೇರೆ ಬೇರೆ. ಒಬ್ಬರು 'ಬಟ್ಟೆ' ಎನ್ನುತ್ತಾರೆ. ಒಬ್ಬರು 'ಹಪ್ಪಳ', ಇನ್ನೊಬ್ಬರು 'ಮಗುವನ್ನು' ಎನ್ನುತ್ತಾರೆ. ಹಿಂದಿನ ಬೆಂಚಿನ ತುಂಟನೊಬ್ಬ 'ನನ್ನ ಚೆಂಡು' ಎಂದಾನು. ಮೊದಲ ಸಾಲಿನ ಪದವನ್ನು ಊಹಿಸುವುದು ಸುಲಭ. ಎರಡನೆಯದು ಕಷ್ಟ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ. ಮುಂದೆ ಇದರಿಂದಲೇ ಒಂದು ದೊಡ್ಡ ಫಜೀತಿ ಹುಟ್ಟಲಿದೆ.

ಇಂತಹ ಆಟವನ್ನು ದೊಡ್ಡ ವಿಜ್ಞಾನಿಯೊಬ್ಬರೂ ಆಡಿಸಿದ್ದಾರೆ. ಅವರ ಹೆಸರು ಕ್ಲಾಡ್ ಶಾನನ್. ಅಮೆರಿಕದವರು. ಇಂಗ್ಲಿಷಿನ ಕೆಲವು ಸಾಲುಗಳನ್ನು ಮುಚ್ಚಿಟ್ಟು, ಒಂದೊಂದೇ ಅಕ್ಷರವನ್ನು ಊಹಿಸುವಂತೆ ಅವರು ಹೇಳಿದರು. ಪದಗಳ ನಡುವಿನ ಖಾಲಿ ಜಾಗವನ್ನೂ ಸೇರಿಸಿ ಅಲ್ಲಿ 129 ಅಕ್ಷರಗಳಿದ್ದವು. ಅವುಗಳಲ್ಲಿ 89ನ್ನು ಮೊದಲ ಸಲಕ್ಕೇ ಸರಿಯಾಗಿ ಊಹಿಸಲು ಸಾಧ್ಯವಾಯಿತು! ಶಾನನ್ ಇದನ್ನು 1951ರಲ್ಲಿ ಪ್ರಕಟಿಸಿದರು. ನಮ್ಮ ಮಾತು ಮತ್ತು ಬರಹದಲ್ಲಿ ಬಹುಪಾಲು ಮೊದಲೇ ಊಹಿಸಬಹುದಾದದ್ದು ಎಂದು ಇದರಿಂದ ತಿಳಿಯಿತು.

ಇಂದು ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಕಥೆ, ಪತ್ರ, ಪ್ರಬಂಧಗಳನ್ನು ಬರೆದುಕೊಡುವ ಯಂತ್ರಗಳಿವೆ. ಇವುಗಳಿಗೆ ಕೃತಕ ಬುದ್ಧಿಮತ್ತೆ ಎಂಬ ಹೆಸರಿದೆ. ಯಂತ್ರ ಎಂದರೆ ಗಾಲಿ, ಹಲ್ಲು ಇರುವಂತಹದಲ್ಲ. ಕಂಪ್ಯೂಟರಿನೊಳಗೆ ಕೆಲಸ ಮಾಡುವ ಲೆಕ್ಕಗಳ ಒಂದು ದೊಡ್ಡ ಜೋಡಣೆ. 2022ರ ನವೆಂಬರ್ 30ರಂದು 'ಚಾಟ್ ಜಿಪಿಟಿ' ಎಂಬುದು ಹೊರಬಂದ ಮೇಲೆ ಇವು ಲೋಕಕ್ಕೆಲ್ಲ ಪರಿಚಯವಾದವು.

ಇವು ಬರೆಯುವುದು ಹೇಗೆ? ನೀವು ಈಗ ತಾನೇ ಆಡಿದ ಆಟವನ್ನೇ ಅವೂ ಆಡುತ್ತವೆ. ಮನುಷ್ಯರು ಬರೆದ ಪುಸ್ತಕ, ಪತ್ರಿಕೆ, ಅಂತರ್ಜಾಲದ ಪುಟಗಳನ್ನು ಅವುಗಳಿಗೆ ರಾಶಿರಾಶಿಯಾಗಿ ಉಣಿಸಿರುತ್ತಾರೆ. ಒಬ್ಬ ಮನುಷ್ಯ ನೂರು ಜನ್ಮ ಎತ್ತಿದರೂ ಅಷ್ಟನ್ನು ಓದಿ ಮುಗಿಸಲಾರ. ಯಾವ ಪದದ ಬಳಿಕ ಯಾವ ಪದ ಬರುವುದು ಹೆಚ್ಚು ಎಂಬುದನ್ನು ಅವು ಲೆಕ್ಕ ಹಾಕಿ ಕಲಿತಿರುತ್ತವೆ. ನಾವು ಏನಾದರೂ ಕೇಳಿದಾಗ ಒಂದು ಪದವನ್ನು ಊಹಿಸುತ್ತವೆ. ಅದರ ಮುಂದೆ ಇನ್ನೊಂದನ್ನು ಇಡುತ್ತವೆ. ಹೀಗೆ ಕ್ಷಣಾರ್ಧದಲ್ಲಿ ಪುಟ ತುಂಬುತ್ತದೆ.

ನಾನು ಬರವಣಿಗೆಯನ್ನೇ ಉದ್ಯೋಗ ಮಾಡಿಕೊಂಡವನು. ಈ ಯಂತ್ರ ನನ್ನ ಅನ್ನಕ್ಕೆ ಕಲ್ಲು ಹಾಕೀತೇ ಎಂದು ನೋಡುವ ಕುತೂಹಲ ನನಗೂ ಇತ್ತು. 'ನಮ್ಮೂರ ಮಳೆಗಾಲ' ಎಂಬ ಪ್ರಬಂಧ ಬರೆದುಕೊಡು ಎಂದೆ. ಬರೆದುಕೊಟ್ಟಿತು. ಅದರಲ್ಲಿ ಭೂಮಿತಾಯಿ ಹಸಿರು ಸೀರೆ ಉಟ್ಟಿದ್ದಳು. ರೈತನ ಮುಖದಲ್ಲಿ ನಗು ಅರಳಿತ್ತು. ಮಕ್ಕಳು ಕಾಗದದ ದೋಣಿ ಬಿಡುತ್ತಿದ್ದರು. ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಆದರೆ ಅದು ಯಾರ ಊರು? ಕಾಸರಗೋಡಿನ ಮಳೆಯೋ ಸೊಲ್ಲಾಪುರದ ಮಳೆಯೋ ಎಂದು ಹೇಳುವಂತಿರಲಿಲ್ಲ. ನಮ್ಮ ಊರಿನಲ್ಲಿ ತೋಡಿಗೆ ಹಾಕಿದ್ದ ಅಡಿಕೆ ಮರದ ಸಂಕ ಒಂದು ಆಷಾಢದಲ್ಲಿ ನೆರೆನೀರಿಗೆ ಕೊಚ್ಚಿಹೋಯಿತು. ಎರಡು ದಿನ ನಾವು ಶಾಲೆಗೆ ಹೋಗಲಿಲ್ಲ. ಮೂರನೆಯ ದಿನ ಶಾಲೆಗೆ ಹೋಗಬೇಕಾಯಿತಲ್ಲ ಎಂದು ನನ್ನ ತಮ್ಮ ಅತ್ತ. ಇದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ನಾನು ಹೇಳಿಕೊಟ್ಟರೆ ಇದನ್ನೂ ಅದು ಸೇರಿಸೀತು, ನಿಜ. ಆಗ ಹೇಳಿದವನು ನಾನೇ ಆದೆನಲ್ಲ!

ಯಂತ್ರಕ್ಕೆ ಮಳೆಯ ಬಗೆಗಿನ ಮಾತು ಗೊತ್ತು, ಮಳೆಯಲ್ಲಿ ನೆನೆದು ಗೊತ್ತಿಲ್ಲ. ಊಹಿಸುವುದು ಅದರ ಕೆಲಸವಾದ್ದರಿಂದ ಕೆಲವೊಮ್ಮೆ ಇಲ್ಲದ್ದನ್ನೂ ಇದೆ ಎಂದು ಗಂಭೀರವಾಗಿ ಬರೆದುಬಿಡುತ್ತದೆ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಇದರಿಂದ ಪೇಚಿಗೆ ಸಿಕ್ಕಿಕೊಂಡರು. ಅವರು ನ್ಯಾಯಾಲಯಕ್ಕೆ ಕೊಟ್ಟ ಕಾಗದದಲ್ಲಿ ಆರು ಹಳೆಯ ತೀರ್ಪುಗಳ ಹೆಸರಿತ್ತು. ಹುಡುಕಿ ನೋಡಿದರೆ ಅಂತಹ ತೀರ್ಪುಗಳೇ ಇರಲಿಲ್ಲ. ಎಲ್ಲವೂ ಚಾಟ್ ಜಿಪಿಟಿಯ ಕಟ್ಟುಕಥೆ. ನ್ಯಾಯಾಧೀಶರು 5,000 ಡಾಲರ್ ದಂಡ ವಿಧಿಸಿದರು. 'ಈ ತೀರ್ಪುಗಳು ನಿಜವೇ?' ಎಂದು ವಕೀಲರು ಯಂತ್ರವನ್ನೇ ಕೇಳಿದ್ದರಂತೆ. ಅದು 'ನಿಜ' ಎಂದಿತ್ತು.

ಇನ್ನು ಒಬ್ಬ ಸಂಪಾದಕರ ಕಥೆಗೆ ಬರೋಣ. ಅಮೆರಿಕದಲ್ಲಿ ನೀಲ್ ಕ್ಲಾರ್ಕ್ ಎಂಬವರು 'ಕ್ಲಾರ್ಕ್ಸ್‌ವರ್ಲ್ಡ್' ಎಂಬ ಮಾಸಪತ್ರಿಕೆ ನಡೆಸುತ್ತಾರೆ. ಅದು 2006ರಲ್ಲಿ ಆರಂಭವಾಯಿತು. ಬಾಹ್ಯಾಕಾಶ, ರೋಬೋಟ್, ಮುಂದಿನ ಕಾಲ ಮುಂತಾದವುಗಳ ಕಥೆಗಳು ಅದರಲ್ಲಿ ಬರುತ್ತವೆ. ಯಾರು ಬೇಕಾದರೂ ಕಥೆ ಕಳುಹಿಸಬಹುದು. ಪ್ರಕಟವಾದರೆ ಪದಕ್ಕೆ ಇಷ್ಟು ಎಂದು ಹಣ ಕೊಡುತ್ತಾರೆ.

2023ರ ಫೆಬ್ರವರಿಯಲ್ಲಿ ಕ್ಲಾರ್ಕರ ಪತ್ರಿಕೆಗೆ ಕಥೆಗಳ ಮಹಾಪೂರವೇ ಬಂತು. ಸುಮಾರು 700 ಕಥೆಗಳನ್ನು ಮನುಷ್ಯರು ಬರೆದಿದ್ದರು. ಇನ್ನು ಸುಮಾರು 500 ಯಂತ್ರ ಹೆಣೆದವು! ಸುಲಭವಾಗಿ ದುಡ್ಡು ಮಾಡಬಹುದು ಎಂದು ಯಾರೋ ಹೇಳಿದ್ದನ್ನು ನಂಬಿ, ಬರೆಯುವ ಆಸೆಯೇ ಇಲ್ಲದವರು ಯಂತ್ರದಿಂದ ಕಥೆ ಹೊಸೆಸಿ ಕಳುಹಿಸಿದ್ದರು. ಅವುಗಳಲ್ಲಿ ಎಷ್ಟೋ ಕಥೆಗಳಿಗೆ ಒಂದೇ ಹೆಸರು: 'ಕೊನೆಯ ಭರವಸೆ'. ಯಾಕೆ ಹೀಗೆ? ಹೆಚ್ಚು ಬಳಕೆಯಲ್ಲಿರುವುದನ್ನೇ ಯಂತ್ರ ಮತ್ತೆ ಮತ್ತೆ ಆರಿಸುತ್ತದೆ. ಧಾರಾಕಾರವಾಗಿ ಎಂದೊಡನೆ ನೀವೆಲ್ಲ 'ಮಳೆ' ಎಂದಿರಿ ನೋಡಿ, ಹಾಗೆ. ಕ್ಲಾರ್ಕ್ ಫೆಬ್ರವರಿ 20ರಂದು ಕಥೆ ಸ್ವೀಕರಿಸುವುದನ್ನೇ ನಿಲ್ಲಿಸಿದರು.

ಯಂತ್ರ ಬರೆದದ್ದನ್ನು ಹಿಡಿಯಲು ಇನ್ನೊಂದು ಯಂತ್ರ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಬರೆಯುವ ಯಂತ್ರದ ಹಿಂದೆಯೇ ಪತ್ತೆ ಮಾಡುವ ಯಂತ್ರಗಳೂ ಪೇಟೆಗೆ ಬಂದವು. ಆದರೆ ಕ್ಲಾರ್ಕ್ ಅವುಗಳನ್ನು ನಂಬಲಿಲ್ಲ. ಅವರಿಗೆ ಬರೆಯುವ ಯಂತ್ರದ ಮೇಲೂ ವಿಶ್ವಾಸವಿಲ್ಲ, ಪತ್ತೆ ಯಂತ್ರದ ಮೇಲೂ ವಿಶ್ವಾಸವಿಲ್ಲ. ಬೇರೆ ದೇಶಗಳಿಂದ, ಇಂಗ್ಲಿಷನ್ನು ಶಾಲೆಯಲ್ಲಿ ಕಲಿತು ಬರೆಯುವವರಿಗೆ ಇವುಗಳಿಂದ ಅನ್ಯಾಯವಾದೀತು ಎಂಬ ಶಂಕೆ ಅವರಿಗಿತ್ತು.

ಅದು ಸುಮ್ಮನೆ ಹುಟ್ಟಿದ ಶಂಕೆಯಲ್ಲ. ಆಗಿನ ಹಲವು ಪತ್ತೆ ಯಂತ್ರಗಳು ಕೆಲಸ ಮಾಡುತ್ತಿದ್ದ ರೀತಿಯನ್ನು ನೋಡಿದರೆ ತಿಳಿಯುತ್ತದೆ. ಅಂತಹ ಯಂತ್ರ ಕೂಡ ಬಿಟ್ಟ ಜಾಗ ತುಂಬುವ ಆಟವನ್ನೇ ಆಡುತ್ತದೆ. ನಿಮ್ಮ ಬರಹದ ಒಂದೊಂದು ಪದವನ್ನೂ ನೋಡಿ, ಇದನ್ನು ಮೊದಲೇ ಊಹಿಸಬಹುದಿತ್ತೇ ಎಂದು ಅಳೆಯುತ್ತದೆ. ಬಹಳಷ್ಟು ಪದಗಳು ಸುಲಭವಾಗಿ ಊಹಿಸುವಂತಿದ್ದರೆ, ವಾಕ್ಯಗಳೆಲ್ಲ ಒಂದೇ ಉದ್ದ ಇದ್ದರೆ, 'ಇದು ಯಂತ್ರ ಬರೆದದ್ದು' ಎನ್ನುತ್ತದೆ. ಅನಿರೀಕ್ಷಿತ ಪದಗಳು, ಉದ್ದ ಗಿಡ್ಡ ವಾಕ್ಯಗಳು ಇದ್ದರೆ 'ಮನುಷ್ಯರು ಬರೆದದ್ದು' ಎನ್ನುತ್ತದೆ. ಬರೆದವರ ಕೈಯನ್ನು ಅದು ನೋಡಿರುವುದಿಲ್ಲ. ಅದು ಹೇಳುವುದು ಸಾಕ್ಷಿಯಲ್ಲ, ಊಹೆಯ ಮೇಲೊಂದು ಊಹೆ.

ಈಗ ಯೋಚಿಸಿ. ಹೊಸ ಭಾಷೆಯನ್ನು ಕಲಿಯುವಾಗ ನಾವು ಹೇಗೆ ಬರೆಯುತ್ತೇವೆ? ಗೊತ್ತಿರುವ ಸರಳ ಪದಗಳನ್ನು ಬಳಸುತ್ತೇವೆ. ತಪ್ಪಾದೀತೆಂದು ಚಿಕ್ಕ ವಾಕ್ಯಗಳನ್ನೇ ಕಟ್ಟುತ್ತೇವೆ. ಮಾಸ್ತರರು, ಟೀಚರು ಕಲಿಸುವುದೂ ಹಾಗೆಯೇ. ಅಂದರೆ ಶ್ರದ್ಧೆಯಿಂದ, ಸರಳವಾಗಿ ಬರೆದವರೇ ಅಂತಹ ಯಂತ್ರದ ಕಣ್ಣಿಗೆ ಕಳ್ಳರಾಗಿ ಕಾಣಬಹುದು!

2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದರು. ಏಳು ಪತ್ತೆ ಯಂತ್ರಗಳ ಮುಂದೆ ಎರಡು ಬಗೆಯ ಪ್ರಬಂಧಗಳನ್ನು ಇಟ್ಟರು. ಒಂದು ಬಗೆಯವು ಅಮೆರಿಕದ ಎಂಟನೆಯ ತರಗತಿಯ ಮಕ್ಕಳು ಬರೆದವು. ಇನ್ನೊಂದು ಬಗೆಯ 91 ಪ್ರಬಂಧಗಳನ್ನು ಇಂಗ್ಲಿಷ್ ಮನೆಮಾತಲ್ಲದವರು ಒಂದು ಇಂಗ್ಲಿಷ್ ಪರೀಕ್ಷೆಗಾಗಿ ಬರೆದಿದ್ದರು. ಎಲ್ಲವೂ ಮನುಷ್ಯರೇ ಬರೆದವು. ಅಮೆರಿಕದ ಮಕ್ಕಳ ಬರಹವನ್ನು ಯಂತ್ರಗಳು ಹೆಚ್ಚುಕಡಿಮೆ ಸರಿಯಾಗಿಯೇ ಗುರುತಿಸಿದವು. ಆ 91ರಲ್ಲಿ ಮಾತ್ರ, ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳನ್ನು ಯಂತ್ರ ಬರೆದವು ಎಂದುಬಿಟ್ಟವು. ಏಳರಲ್ಲಿ ಒಂದು ಯಂತ್ರವಾದರೂ ದೂರಿದ ಪ್ರಬಂಧಗಳು ಎಷ್ಟು ಗೊತ್ತೇ? 89! ಎರಡೇ ಎರಡು ಪ್ರಬಂಧಗಳು ಎಲ್ಲ ಯಂತ್ರಗಳಿಂದಲೂ ಪಾರಾದವು.

ಸಂಶೋಧಕರು ಇನ್ನೊಂದು ಕೆಲಸ ಮಾಡಿದರು. ಅವೇ ಪ್ರಬಂಧಗಳನ್ನು ಚಾಟ್ ಜಿಪಿಟಿಗೆ ಕೊಟ್ಟು ಪದಗಳನ್ನು ಚಂದಗೊಳಿಸಲು ಹೇಳಿದರು. ಬಳಿಕ ಪತ್ತೆ ಯಂತ್ರಗಳ ದೂರು ಬಹಳ ಕಡಿಮೆಯಾಯಿತು. ಮನುಷ್ಯ ಬರೆದದ್ದು ಯಂತ್ರದ್ದಾಯಿತು. ಯಂತ್ರ ತಿದ್ದಿದ್ದು ಮನುಷ್ಯನದಾಯಿತು. ನಗುವುದೋ ಅಳುವುದೋ ನೀವೇ ಹೇಳಿ.

ಮನೆಯಲ್ಲಿ ತುಳು ಅಥವಾ ಮರಾಠಿ, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ನಾಲ್ಕು ಭಾಷೆಗಳ ನಡುವೆ ಬೆಳೆಯುವ ಗಡಿನಾಡಿನ ನಮಗೆ ಈ ಸಂಗತಿ ದೂರದ್ದೇನಲ್ಲ.

1787ರಲ್ಲಿ ಬರೆದ ಅಮೆರಿಕದ ಸಂವಿಧಾನವನ್ನೂ ಒಂದು ಪತ್ತೆ ಯಂತ್ರ ಕೃತಕ ಬುದ್ಧಿಮತ್ತೆಯ ಬರಹ ಎಂದಿತ್ತು. ಆ ಕಾಲದಲ್ಲಿ ಕಂಪ್ಯೂಟರಿನ ಮಾತಿರಲಿ, ವಿದ್ಯುದ್ದೀಪವೂ ಇರಲಿಲ್ಲ! ಆದರೆ ಸಂವಿಧಾನದ ಮಾತುಗಳನ್ನು ಎಲ್ಲೆಡೆ ಅಚ್ಚು ಮಾಡಿರುವುದರಿಂದ ಯಂತ್ರಗಳಿಗೆ ಅವು ಬಾಯಿಪಾಠವಾಗಿವೆ. ಬಾಯಿಪಾಠವಾದದ್ದನ್ನು ಊಹಿಸುವುದು ಸುಲಭ ತಾನೇ? ಅದಕ್ಕೇ ಈ ಎಡವಟ್ಟು.

ಚಾಟ್ ಜಿಪಿಟಿಯನ್ನು ಮಾಡಿದ ಓಪನ್ ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಒಂದು ಪತ್ತೆ ಯಂತ್ರವನ್ನು ಹೊರತಂದಿತು. ಅವರೇ ಹೇಳಿದಂತೆ ಯಂತ್ರ ಬರೆದ ನೂರು ಬರಹಗಳಲ್ಲಿ ಅದು ಹಿಡಿದದ್ದು 26ನ್ನು ಮಾತ್ರ. ಮನುಷ್ಯರು ಬರೆದ ನೂರರಲ್ಲಿ 9ನ್ನು ಯಂತ್ರದ್ದೆಂದು ತಪ್ಪಾಗಿ ಹೇಳಿತು. ಅದೇ ವರ್ಷ ಜುಲೈಯಲ್ಲಿ, ನಿಖರತೆ ಸಾಲದೆಂದು ಅದನ್ನು ಹಿಂತೆಗೆದುಕೊಂಡರು. ಈಚಿನ ಯಂತ್ರಗಳು ಅದಕ್ಕಿಂತ ಉತ್ತಮವಾಗಿವೆ. ತಪ್ಪೇ ಮಾಡದ ಯಂತ್ರ ಮಾತ್ರ ಬಂದಿಲ್ಲ.

ನೂರರಲ್ಲಿ ಒಂದು ತಪ್ಪು ದೊಡ್ಡದೇ ಎಂದು ಕೆಲವರು ಕೇಳುತ್ತಾರೆ. ಒಂದು ಲೆಕ್ಕ ಮಾಡೋಣ. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯವು 2022ರಲ್ಲಿ ವಿದ್ಯಾರ್ಥಿಗಳ 75,000 ಬರಹಗಳನ್ನು ತಪಾಸಣೆಗೆ ಕಳುಹಿಸಿತ್ತು. ಆ ವರ್ಷ ಪತ್ತೆ ಯಂತ್ರ ಇದ್ದು, ನೂರಕ್ಕೆ ಒಂದರಂತೆ ಅದು ತಪ್ಪಿದ್ದರೆ? 75,000ವನ್ನು ನೂರರಿಂದ ಭಾಗಿಸಿ. 750 ಬರಹಗಳ ಮೇಲೆ ಸುಳ್ಳು ಆರೋಪ! ಈ ಲೆಕ್ಕವನ್ನು ಮುಂದಿಟ್ಟುಕೊಂಡೇ ಆ ವಿಶ್ವವಿದ್ಯಾಲಯವು 2023ರ ಆಗಸ್ಟ್‌ನಲ್ಲಿ ಪತ್ತೆ ಯಂತ್ರದ ಬಳಕೆಯನ್ನು ನಿಲ್ಲಿಸಿತು.

ಹಾಗಾದರೆ ಬರೆದವರು ಯಾರೆಂದು ತಿಳಿಯುವುದು ಹೇಗೆ? ನನಗೆ ಪರಿಚಯದ ಒಬ್ಬ ಹುಡುಗಿ ತನ್ನ ಅಜ್ಜಿಯ ದನದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಸ್ಪರ್ಧೆಗೆ ಕೊಟ್ಟಳು. ಅದನ್ನು ಯಾರೋ ಪತ್ತೆ ಯಂತ್ರಕ್ಕೆ ಹಾಕಿ, ಇದು ಅವಳದಲ್ಲ ಎಂದರು. ಹುಡುಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವಳ ಟೀಚರು ಯಂತ್ರದ ಮಾತನ್ನು ಅಲ್ಲಿಗೇ ಬಿಟ್ಟು, ಅವಳನ್ನು ಕರೆದು ಹತ್ತಿರ ಕೂರಿಸಿಕೊಂಡರು. "ನಿನ್ನ ರಫ್ ಪುಸ್ತಕ ಉಂಟಾ?" ಎಂದು ಕೇಳಿದರು.

ರಫ್ ಪುಸ್ತಕದಲ್ಲಿ ಆರು ಪುಟಗಳ ತುಂಬ ಹೊಡೆದು ಹಾಕಿದ ಗೆರೆಗಳು. ಮೊದಲ ವಾಕ್ಯವನ್ನೇ ನಾಲ್ಕು ಸಲ ಬದಲಾಯಿಸಿದ್ದಳು. ಇಂಗ್ಲಿಷ್ ಪದ ಹೊಳೆಯದ ಕಡೆಗಳಲ್ಲಿ ಕನ್ನಡದಲ್ಲಿ ಬರೆದು ಸುತ್ತ ವೃತ್ತ ಹಾಕಿದ್ದಳು. ಒಂದು ಕಡೆ ಅಂಚಿನಲ್ಲಿ 'ಅಜ್ಜಿಯಲ್ಲಿ ಕೇಳಬೇಕು' ಎಂದಿತ್ತು.

"ಅಜ್ಜಿಯಲ್ಲಿ ಏನು ಕೇಳಲಿಕ್ಕೆ ಇತ್ತು?" ಎಂದರು ಟೀಚರು.

"ದನದ ಒಂದು ಕೊಂಬು ಮುರಿದದ್ದು ಹೇಗೆ ಅಂತ, ಟೀಚರ್. ನಾನು ಹಲಸಿನ ಮರಕ್ಕೆ ಗುದ್ದಿ ಅಂತ ಬರೆದಿದ್ದೆ. ಅಜ್ಜಿ ಅಲ್ಲ ಅಂದರು. ಹಟ್ಟಿಯ ಬಾಗಿಲಿಗೆ ಸಿಕ್ಕಿಕೊಂಡು ಮುರಿದದ್ದಂತೆ. ಆ ದಿವಸ ಅಜ್ಜಿಯೂ ಊಟ ಮಾಡಲಿಲ್ಲವಂತೆ."

ಟೀಚರು ಪೆನ್ನು ತೆಗೆದು, ಪ್ರಬಂಧದ ಮೇಲಿದ್ದ ಟಿಪ್ಪಣಿಯನ್ನು ಹೊಡೆದು ಹಾಕಿದರು. ಬಳಿಕ ದನದ ಹೆಸರೇನೆಂದು ಕೇಳಿದರು. ಅದನ್ನು ಬರೆಯಲು ಹುಡುಗಿ ಮರೆತೇ ಹೋಗಿದ್ದಳು.