ಕೈ ಪಳಗಿಸುವ ಪದವಿ

ನೀಟ್ ಫಲಿತಾಂಶ ಬಂದ ಮೇಲೆ ಪದವಿ ಕಾಲೇಜುಗಳ ಪ್ರವೇಶ ಕೌಂಟರ್ ಮುಂದೆ ಅಪ್ಪ–ಅಮ್ಮಂದಿರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ‘ಮೆಡಿಕಲ್ ಸೀಟು ಸಿಗಲಿಲ್ಲ, ಅದಕ್ಕೆ ಹತ್ತಿರದ್ದು ಯಾವುದಿದೆ ಸರ್?’ ಆಗ ಕೇಳಿಬರುವ ಹೆಸರುಗಳಲ್ಲಿ ಬಿಎಸ್‌ಸಿ ಮೈಕ್ರೋಬಯಾಲಜಿಯೂ ಒಂದು. ಸೇರಿದ ಕೆಲವೇ ವಾರಗಳಲ್ಲಿ ಮಕ್ಕಳಿಗೆ ಬೇರೆಯೇ ಸಂಗತಿ ಅರಿವಾಗುತ್ತದೆ. ರೋಗಾಣುಗಳು ಇಲ್ಲಿ ಒಂದೆರಡು ಅಧ್ಯಾಯಗಳಷ್ಟೇ. ಮೊಸರು, ಮಣ್ಣು, ಚರಂಡಿ ನೀರು, ಲಸಿಕೆ, ಶೇಂಗಾ ಗಿಡದ ಬೇರು ಎಲ್ಲವೂ ಪಠ್ಯದೊಳಗೇ ಬರುತ್ತವೆ. ಜೊತೆಗೆ, ಪುಸ್ತಕ ಎಷ್ಟು ಉರು ಹೊಡೆದರೂ ಕೈ ಪಳಗದಿದ್ದರೆ ಈ ವಿಷಯ ಒಲಿಯುವುದಿಲ್ಲ.

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರು ಇದಕ್ಕೆ ಸೇರಬಹುದು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಬಯೋಕೆಮಿಸ್ಟ್ರಿ ಅಥವಾ ಬಯೋಟೆಕ್ನಾಲಜಿ ಜೊತೆಗಿನ ವಿಷಯಗಳಾಗಿರುತ್ತವೆ. ಯಾವ ಜೋಡಿ ಸಿಗುತ್ತದೆ ಎಂಬುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಶುರುವಿನಲ್ಲಿ ಲೀವೆನ್‌ಹುಕ್, ಪಾಶ್ಚರ್, ಕಾಖ್ ಅವರ ಚರಿತ್ರೆ, ಸೂಕ್ಷ್ಮದರ್ಶಕದ ಬಳಕೆ, ಕ್ರಿಮಿಶುದ್ಧಿಯ ವಿಧಾನಗಳು. ಆಮೇಲೆ ಸೂಕ್ಷ್ಮಜೀವಿಗಳ ತಳಿಶಾಸ್ತ್ರ, ರೋಗನಿರೋಧಶಾಸ್ತ್ರ, ವೈರಾಣುಶಾಸ್ತ್ರ, ಕೃಷಿ, ಆಹಾರ ಮತ್ತು ಕೈಗಾರಿಕಾ ಸೂಕ್ಷ್ಮಜೀವಿಶಾಸ್ತ್ರ.

<b>ಮೊದಲ ಪಾಠ ಶುಚಿ</b>

ಪ್ರಯೋಗಾಲಯದಲ್ಲಿ ಮೊದಲು ಪರಿಚಯವಾಗುವುದು ಆಟೊಕ್ಲೇವ್. ಅಡುಗೆಮನೆಯ ಕುಕ್ಕರ್‌ಗೆ ಇದು ಅಣ್ಣ. 121 ಡಿಗ್ರಿ ಸೆಲ್ಸಿಯಸ್, 15 ಪೌಂಡ್ ಒತ್ತಡ, 15 ನಿಮಿಷ: ಈ ಮೂರು ಅಂಕಿಗಳು ವಿದ್ಯಾರ್ಥಿಯ ನಾಲಿಗೆಯ ತುದಿಯಲ್ಲಿರಬೇಕು. ಬರೀ ಕುದಿಸಿದರೆ ಸಾಲದೇ? ಸಾಲದು. ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು ಕುದಿಯುವ ನೀರಿನಲ್ಲೂ ಬದುಕಿ ಉಳಿಯುತ್ತವೆ.

ಹೀಗೆ ಶುದ್ಧಮಾಡಿದ, ಬ್ಯಾಕ್ಟೀರಿಯಾ ಬೆಳೆಸುವ ಅಗರ್ ದ್ರಾವಣವನ್ನು ಪೆಟ್ರಿ ತಟ್ಟೆಗೆ ಸುರಿಯುವುದೂ ಒಂದು ವಿದ್ಯೆಯೇ. ತೀರಾ ಬಿಸಿಯಿದ್ದರೆ ಮುಚ್ಚಳದ ಒಳಗೆ ಹನಿಗಟ್ಟುತ್ತದೆ. ತಡಮಾಡಿದರೆ ಫ್ಲಾಸ್ಕಿನಲ್ಲೇ ಗಂಟಾಗುತ್ತದೆ. ಫ್ಲಾಸ್ಕನ್ನು ಮುಟ್ಟಿ ಹದ ಹೇಳುವುದು ಅಭ್ಯಾಸದಿಂದ ಬರುವಂಥದ್ದು. ಅಂದಹಾಗೆ, ಈ ಅಗರ್ ಪ್ರಯೋಗಾಲಯಕ್ಕೆ ಬಂದದ್ದು ಅಡುಗೆಮನೆಯಿಂದ. 1880ರ ದಶಕದ ಆರಂಭದಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಬಳಗದವರು ಜೆಲಟಿನ್ ಮೇಲೆ ಬ್ಯಾಕ್ಟೀರಿಯಾ ಬೆಳೆಸಲು ಹೋದರೆ ಅದು ಸೆಕೆಗೆ ಕರಗಿಹೋಗುತ್ತಿತ್ತು. ಆ ಬಳಗದ ವಾಲ್ಟರ್ ಹೆಸ್ಸೆಗೆ, ಜೆಲ್ಲಿ ಮಾಡಲು ಬಳಸುವ ಅಗರ್ ಹಾಕಿ ನೋಡಿ ಎಂದು ಸೂಚಿಸಿದವರು ಅವರ ಹೆಂಡತಿ ಫ್ಯಾನಿ ಹೆಸ್ಸೆ. ಇವತ್ತಿಗೂ ಅದಕ್ಕೆ ಸರಿಸಾಟಿಯಾದದ್ದು ಬಂದಿಲ್ಲ.

<b>ಮೊಸರಿನ ಸ್ಲೈಡ್</b>

ಗ್ರಾಂ ಸ್ಟೇನಿಂಗ್ ಪ್ರಾಕ್ಟಿಕಲ್‌ಗೆ ಮೊಸರಿಗಿಂತ ಸುಲಭದ ಮಾದರಿ ಬೇಕಿಲ್ಲ. ನೀರಿನಲ್ಲಿ ತೆಳುಮಾಡಿದ ಮೊಸರಿನ ಒಂದು ಹನಿಯನ್ನು ಗಾಜಿನ ಸ್ಲೈಡ್ ಮೇಲೆ ಹರಡಿ, ಒಣಗಿಸಿ, ಬರ್ನರ್ ಜ್ವಾಲೆಯ ಮೇಲೆ ಎರಡು–ಮೂರು ಸಲ ಹಾಯಿಸಬೇಕು. ಕ್ರಿಸ್ಟಲ್ ವಯೊಲೆಟ್ ಒಂದು ನಿಮಿಷ, ತೊಳೆದು ಅಯೋಡಿನ್ ಒಂದು ನಿಮಿಷ. ಆಮೇಲೆ ಆಲ್ಕೊಹಾಲ್, ಹೆಚ್ಚಿನವರು ಎಡವುವುದು ಇಲ್ಲೇ. ಕೆಲವು ಸೆಕೆಂಡು ಹೆಚ್ಚಾದರೂ ಉಳಿಯಬೇಕಾದ ನೇರಳೆ ಬಣ್ಣವೂ ತೊಳೆದುಹೋಗುತ್ತದೆ. ಕೊನೆಗೆ ಸ್ಯಾಫ್ರನಿನ್. ಒಂದು ಹನಿ ಎಣ್ಣೆ ಬಿಟ್ಟು ಸಾವಿರ ಪಟ್ಟು ಹಿಗ್ಗಿಸಿ ನೋಡಿದರೆ ನೇರಳೆ ಬಣ್ಣದ ಕಡ್ಡಿಗಳೂ ಮಣಿಸರಗಳೂ ಕಾಣುತ್ತವೆ. ಗೋಡೆ ದಪ್ಪಗಿರುವ ಬ್ಯಾಕ್ಟೀರಿಯಾ ನೇರಳೆಯನ್ನು ಹಿಡಿದುಕೊಳ್ಳುತ್ತವೆ. ಗೋಡೆ ತೆಳುವಾದವು ಅದನ್ನು ಬಿಟ್ಟುಕೊಟ್ಟು ಗುಲಾಬಿ ಆಗುತ್ತವೆ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ಈ ವಿಧಾನವನ್ನು ಆಸ್ಪತ್ರೆಗಳಲ್ಲಿ ಇಂದಿಗೂ ಮಾಡುತ್ತಾರೆ. ಯಾವ ಆ್ಯಂಟಿಬಯೋಟಿಕ್ ಕೊಡಬೇಕೆಂಬ ಮೊದಲ ಸುಳಿವು ಸಿಗುವುದು ಈ ಬಣ್ಣದಿಂದ.

ನೀರಿನ ಪರೀಕ್ಷೆಗೆ ಮನೆಯ ಬೋರ್‌ವೆಲ್ ನೀರು, ಸಂಪಿನ ನೀರು ತರಿಸುತ್ತಾರೆ. ಲ್ಯಾಕ್ಟೋಸ್ ದ್ರಾವಣವಿರುವ ನಳಿಕೆಗಳಲ್ಲಿ ಪುಟ್ಟ ಗಾಜಿನ ಕೊಳವೆಯನ್ನು ಬೋರಲು ಹಾಕಿರುತ್ತಾರೆ. ತಂದ ನೀರನ್ನು ಅದಕ್ಕೆ ಬೆರೆಸಿದ ಒಂದೆರಡು ದಿನದಲ್ಲಿ ಆ ಕೊಳವೆಯೊಳಗೆ ಗಾಳಿಗುಳ್ಳೆ ಎದ್ದರೆ ಅನುಮಾನಕ್ಕೆ ಕಾರಣವಿದೆ ಎಂದರ್ಥ. ಆ ನಳಿಕೆಯಲ್ಲಿ ಬೆಳೆದದ್ದನ್ನೇ ಇಎಂಬಿ ಎಂಬ ಅಗರ್ ಮೇಲೆ ಬೆಳೆಸಿದಾಗ ಲೋಹದಂತೆ ಹೊಳೆಯುವ ಹಸಿರು ಬಣ್ಣ ಕಂಡರೆ, ಆ ನೀರಿಗೆ ಮಲದ ಸಂಪರ್ಕವಿರುವ ಸಂಭವ ಹೆಚ್ಚು.

ವೈರಾಣು ಪಾಠಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು, ಉಣ್ಣೆಯಿಂದ ಹರಡುವ ಹೊಸ ವೈರಸ್ ಒಂದನ್ನು ಗುರುತಿಸಿದರು. ಮಲೆನಾಡಿನವರಿಗೆ ಮಂಗನ ಕಾಯಿಲೆಯಾದದ್ದು ಜಗತ್ತಿನ ಪಠ್ಯಪುಸ್ತಕಗಳಲ್ಲಿ ಕ್ಯಾಸನೂರಿನ ಹೆಸರಿನಲ್ಲಿದೆ.

<b>ಮುಂದೇನು?</b>

ಔಷಧ ಕಂಪನಿಗಳ ಗುಣಮಟ್ಟ ನಿಯಂತ್ರಣ ವಿಭಾಗ, ಡೇರಿಗಳು, ಬಾಟಲಿ ನೀರಿನ ಘಟಕಗಳು, ನೀರು ಪರೀಕ್ಷಾ ಕೇಂದ್ರಗಳು, ಜೈವಿಕ ಗೊಬ್ಬರ ತಯಾರಕರು ಈ ಪದವೀಧರರಿಗೆ ಕೆಲಸ ಕೊಡುತ್ತಾರೆ. ಇಂಜೆಕ್ಷನ್ ಔಷಧ ಕ್ರಿಮಿಮುಕ್ತವೇ ಎಂದು ತಿಳಿಯಲು ಮಾದರಿಯನ್ನು 14 ದಿನ ಕಾದು ನೋಡಬೇಕಾಗುತ್ತದೆ; ಆತುರಗಾರರಿಗೆ ಹೇಳಿಸಿದ ಕೆಲಸವಲ್ಲ. ಆಹಾರ ಸುರಕ್ಷತಾ ಅಧಿಕಾರಿ ಹುದ್ದೆಗೆ ಕೇಂದ್ರದ ನಿಯಮಗಳು ಹೇಳುವ ಪದವಿಗಳಲ್ಲಿ ಇದೂ ಸೇರಿದೆ. ಆದರೆ ಆಸ್ಪತ್ರೆಯ ಲ್ಯಾಬ್ ಟೆಕ್ನೀಷಿಯನ್ ಆಗುವ ಆಸೆಯಿದ್ದರೆ ಅದಕ್ಕೆಂದೇ ಇರುವ ಎಂಎಲ್‌ಟಿ ಕೋರ್ಸ್ ಬೇರೆ. ಎರಡನ್ನೂ ಒಂದೇ ಎಂದುಕೊಂಡು ಸೇರುವುದು ಬೇಡ. ಬರೀ ಬಿಎಸ್‌ಸಿಗೆ ಆರಂಭದ ಸಂಬಳ ದೊಡ್ಡದೇನಲ್ಲ. ಸಂಶೋಧನೆ, ಅಧ್ಯಾಪನ ಎಂದರೆ ಎಂಎಸ್‌ಸಿ ಬೇಕೇ ಬೇಕು. ಐಐಟಿಗಳಲ್ಲಿ ಎಂಎಸ್‌ಸಿ ಓದಲು ಜ್ಯಾಮ್ ಪರೀಕ್ಷೆಯ ಬಯೋಟೆಕ್ನಾಲಜಿ ಪತ್ರಿಕೆ ಬರೆಯಬಹುದು.

ಕಾಲೇಜು ಆರಿಸುವಾಗ ಫಲಿತಾಂಶದ ಶೇಕಡಾವಾರು ಕೇಳುವ ಮೊದಲು ಪ್ರಯೋಗಾಲಯ ತೋರಿಸಿ ಎನ್ನಿ. ಆಟೊಕ್ಲೇವ್ ಓಡುತ್ತಿದೆಯೇ? ಒಂದು ಸೂಕ್ಷ್ಮದರ್ಶಕಕ್ಕೆ ಎಷ್ಟು ಜನ? ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮವನ್ನು ಮಕ್ಕಳೇ ತೂಗಿ ತಯಾರಿಸುತ್ತಾರೋ, ಅಟೆಂಡರ್ ಮಾಡಿಟ್ಟದ್ದನ್ನು ನೋಡಿ ರೆಕಾರ್ಡ್ ಬುಕ್ ತುಂಬಿಸುತ್ತಾರೋ? ಕಂಪನಿಯ ಸಂದರ್ಶನದಲ್ಲೂ ಕೊನೆಗೆ ತಟ್ಟೆಯ ಮೇಲೆ ಬ್ಯಾಕ್ಟೀರಿಯಾವನ್ನು ಗೆರೆಗೆರೆಯಾಗಿ ಹರಡುವ ಲೂಪ್ ಕೈಗೆ ಕೊಟ್ಟು ‘ಸ್ಟ್ರೀಕ್ ಮಾಡಿ ತೋರಿಸಿ’ ಎಂದರೆ ಅಂಕಪಟ್ಟಿ ನೆರವಿಗೆ ಬರುವುದಿಲ್ಲ. ಮೂರು ವರ್ಷದಲ್ಲಿ ನೂರಾರು ತಟ್ಟೆಗಳ ಮೇಲೆ ಗೆರೆ ಎಳೆದು, ಕೆಡಿಸಿ, ಮತ್ತೆ ಎಳೆದ ಕೈಯೇ ಈ ಪದವಿಯ ನಿಜವಾದ ಗಳಿಕೆ. ಅದಕ್ಕೆ ಅವಕಾಶ ಕೊಡುವ ಕಾಲೇಜು ಊರಿನ ಸರ್ಕಾರಿ ಕಾಲೇಜೇ ಆಗಿದ್ದರೂ ಅಲ್ಲೇ ಸೇರಿ.